ಪಂಪಿನ ಬೆಲೆ, ವಾಷರಿನ ಬೆಲೆ

ರಂಜಾನ್ ಹತ್ತಿರ ಬಂತೆಂದರೆ ಉಳ್ಳಾಲದ ಮೊಬೈಲುಗಳಿಗೆ ಒಂದು ಬಗೆಯ ವಿಡಿಯೊ ಬರತೊಡಗುತ್ತದೆ. ಕೆಂಪು ಮಣ್ಣಿನ ಬಯಲು, ಹುಲ್ಲುಮಾಡಿನ ನಾಲ್ಕು ಮನೆ, ಸಾಲಾಗಿ ನಿಲ್ಲಿಸಿದ ಹಳದಿ ಕ್ಯಾನುಗಳು. ನಡುವೆ ಹೊಸ ಬಣ್ಣ ಬಳಿದ ಕೈಪಂಪು. ಒಬ್ಬ ಹುಡುಗ ಅದರ ಹಿಡಿಕೆಗೆ ಜೋತುಬೀಳುತ್ತಾನೆ, ನೀರು ಬುಳಕ್ಕನೆ ಬರುತ್ತದೆ, ಸುತ್ತಲಿನವರು ಚಪ್ಪಾಳೆ ತಟ್ಟುತ್ತಾರೆ. ಪಕ್ಕದ ಫಲಕದಲ್ಲಿ ದಾನಿಯ ಹೆಸರು; ಎಷ್ಟೋ ಸಲ ಅದು ತೀರಿಕೊಂಡ ತಂದೆಯದೋ ತಾಯಿಯದೋ ಹೆಸರು. ಊರು ಮಲಾವಿಯದೋ ಉಗಾಂಡದ್ದೋ ಇರುತ್ತದೆ. ಕೊನೆಯಲ್ಲಿ ಒಂದು ಪಂಪಿಗೆ ಎಷ್ಟಾಗುತ್ತದೆ, ಒಂದು ತರಗತಿ ಕೋಣೆಗೆ ಎಷ್ಟಾಗುತ್ತದೆ ಎಂಬ ಲೆಕ್ಕ, ಬ್ಯಾಂಕ್ ಖಾತೆಯ ಸಂಖ್ಯೆ. ಕ್ರೈಸ್ತರ ಮನೆಗಳಿಗೆ ಇಂಥದೇ ಮನವಿ ತಪಸ್ಸು ಕಾಲದಲ್ಲಿ ಬರುತ್ತದೆ. ಫಲಕದ ಮೇಲಿನ ಚಿಹ್ನೆ ಬೇರೆ, ಪಂಪು ಅದೇ.

ಇದನ್ನು ನೋಡುವ ಮನೆಯ ಬಾವಿಯಲ್ಲೇ ಮಾರ್ಚ್ ಕಳೆದ ಮೇಲೆ ನೀರು ಸವಳಾಗಿರುವುದುಂಟು. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ನೇತ್ರಾವತಿ. ನೀರಿನ ನಡುವೆ ಕುಳಿತ ಊರಿಗೆ ಬೇಸಿಗೆಯಲ್ಲಿ ಟ್ಯಾಂಕರು ಬರಬೇಕು. ಹಾಗಾಗಿ "ನಮ್ಮಲ್ಲೇ ನೀರಿಲ್ಲ, ಆಫ್ರಿಕಾಕ್ಕೆ ಯಾಕಪ್ಪ ಪಂಪು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ತಕರಾರಿನಲ್ಲಿ ನನಗೆ ಆಸಕ್ತಿಯಿಲ್ಲ. ಬಾಯಾರಿಕೆಗೆ ಗಡಿಯಿಲ್ಲ, ಕೊಡುವ ಕೈಯನ್ನು ಹಿಡಿದು ನಿಲ್ಲಿಸುವ ಹಕ್ಕೂ ಯಾರಿಗೂ ಇಲ್ಲ. ನನ್ನ ಪ್ರಶ್ನೆ ವಿಡಿಯೊ ಮುಗಿದ ಮೇಲಿನದು. ಚಪ್ಪಾಳೆ ತಟ್ಟಿದವರು ಮನೆಗೆ ಹೋದರು. ಎರಡು ವರ್ಷ ಕಳೆಯಿತು. ಹಿಡಿಕೆ ಒತ್ತಿದರೆ ಬರೀ ಗಾಳಿ ಬರುತ್ತಿದೆ. ಈಗ ಯಾರು ಬರುತ್ತಾರೆ?

ಈ ಪ್ರಶ್ನೆ ಆಫ್ರಿಕಾದ್ದು ಮಾತ್ರವಲ್ಲ ಎಂಬುದು ಆ ಪಂಪನ್ನೇ ಸರಿಯಾಗಿ ನೋಡಿದರೆ ತಿಳಿಯುತ್ತದೆ. ಮೂರು ಕಾಲಿನ ಕಬ್ಬಿಣದ ಪೀಠ, ಮೇಲೊಂದು ಚೌಕದ ಪೆಟ್ಟಿಗೆ, ಅದರಿಂದ ಹೊರಟ ಉದ್ದನೆಯ ಸರಳಿನ ಹಿಡಿಕೆ. ಇದನ್ನು ನಾವು ನಮ್ಮ ಶಾಲೆಯ ಅಂಗಳದಲ್ಲಿ, ಪಂಚಾಯಿತಿ ಕಟ್ಟೆಯ ಪಕ್ಕದಲ್ಲಿ, ಬಯಲುಸೀಮೆಯ ಪ್ರತಿ ಊರಿನ ಬಾಗಿಲಲ್ಲಿ ನೋಡಿದ್ದೇವೆ. ಇದರ ಹೆಸರೇ ಇಂಡಿಯಾ ಮಾರ್ಕ್ 2. ಆಫ್ರಿಕಾದ ಹತ್ತಾರು ದೇಶಗಳಲ್ಲಿ ನೀರೆತ್ತುತ್ತಿರುವ ಈ ಪಂಪು ನಮ್ಮ ಕಡೆಯಿಂದ ಹೋದದ್ದು. ಅದು ಹುಟ್ಟಿದ್ದರ ಹಿಂದೆಯೂ ಒಂದು ದಾನದ ಕಥೆ, ಅದರಲ್ಲೂ ಸೋತ ದಾನದ ಕಥೆ ಇದೆ.

1966-67ರಲ್ಲಿ ಬಿಹಾರದಲ್ಲಿ ಬರ ಬಿದ್ದಾಗ ಯುನಿಸೆಫ್ ಗಟ್ಟಿ ಬಂಡೆಯನ್ನೂ ಕೊರೆಯಬಲ್ಲ ಯಂತ್ರಗಳನ್ನು ಭಾರತಕ್ಕೆ ತಂದಿತು. ದಖ್ಖನಿನ ಕಲ್ಲಿನಡಿಯ ನೀರು ಮೊದಲ ಬಾರಿಗೆ ಬೇಗ ಬೇಗ ಕೈಗೆಟುಕಿತು. ಕೊಳವೆಬಾವಿಗಳ ಮೇಲೆ ಎರಕದ ಕಬ್ಬಿಣದ ಕೈಪಂಪು ಕೂರಿಸಿದರು. ಅವು ಒಂದು ಮನೆಯವರು ದಿನಕ್ಕೆ ನಾಲ್ಕಾರು ಬಿಂದಿಗೆ ಎತ್ತಲೆಂದು ಮಾಡಿದ ಪಂಪುಗಳು. ಇಲ್ಲಿ ಬೆಳಗಿನಿಂದ ಕತ್ತಲವರೆಗೆ ಊರಿಗೆ ಊರೇ ಒತ್ತುತ್ತಿತ್ತು. ಕೀಲು ಸವೆಯಿತು, ಹಿಡಿಕೆ ಮುರಿಯಿತು. 1970ರ ದಶಕದ ನಡುವೆ ಲೆಕ್ಕ ಹಾಕಲು ಹೊರಟವರಿಗೆ ಕಂಡದ್ದು ಕೆಟ್ಟು ನಿಂತ ಪಂಪುಗಳ ಸಾಲು. ನೀರು ಕೆಳಗಿತ್ತು, ಬಾವಿ ಇತ್ತು, ದುಡ್ಡು ಖರ್ಚಾಗಿತ್ತು. ಹೆಂಗಸರು ಮಾತ್ರ ಹಳೆಯ ಕೆರೆಗೇ ಬಿಂದಿಗೆ ಹೊತ್ತು ಹೋಗುತ್ತಿದ್ದರು.

ಇದಕ್ಕೆ ಪರಿಹಾರ ದೊಡ್ಡ ಸಂಸ್ಥೆಯ ಕಾಗದದಿಂದ ಬರಲಿಲ್ಲ. ಮಹಾರಾಷ್ಟ್ರದ ಜಾಲ್ನಾ ಮತ್ತು ಸೊಲ್ಲಾಪುರದಲ್ಲಿ ಮಿಷನ್ನಿನವರು ಬರಪೀಡಿತ ಹಳ್ಳಿಗಳಿಗೆ ಬಾವಿ ಕೊರೆದು ಕೊಡುತ್ತಿದ್ದರು. ಸೊಲ್ಲಾಪುರವೆಂದರೆ ನಮ್ಮ ಗಡಿಯ ಜಿಲ್ಲೆ. ಅಕ್ಕಲಕೋಟೆಯ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ಬಾವಿ ಕೊರೆದು ಕೈತೊಳೆದುಕೊಳ್ಳದೆ ಆ ಊರುಗಳ ನಡುವೆಯೇ ಇದ್ದುದರಿಂದ, ಕೆಟ್ಟ ಪಂಪಿನ ದೂರು ದಿನವೂ ಅವರ ಬಾಗಿಲಿಗೇ ಬರುತ್ತಿತ್ತು. ದೂರಿನ ಕಾಟ ತಾಳಲಾರದೆ ಅವರು ಪಂಪನ್ನೇ ಬದಲಿಸಿದರು. ಎರಡು ಮೂರು ಕೀಲುಗಳ ಜಾಗದಲ್ಲಿ ಒಂದೇ ಕೀಲು ಇಟ್ಟರು, ಅದಕ್ಕೆ ಮುಚ್ಚಿದ ಬೇರಿಂಗ್ ಹಾಕಿದರು. ಒಳಗಿನ ಸರಳು ಅತ್ತಿತ್ತ ವಾಲದೆ ನೇರ ಮೇಲೆ ಕೆಳಗೆ ಆಡಲೆಂದು ಸೈಕಲ್ಲಿನಲ್ಲಿರುವಂಥ ಸರಪಳಿ ಜೋಡಿಸಿದರು. ಪೀಠವನ್ನು ಕೊಳವೆಯಿಂದ ಬಿಡಿಸಿ ಕಾಂಕ್ರೀಟಿನಲ್ಲಿ ನಿಲ್ಲಿಸಿದರು. ಇದೇ ಸೊಲ್ಲಾಪುರ ಪಂಪು. ಯುನಿಸೆಫ್ ಮತ್ತು ಸರ್ಕಾರದ ಎಂಜಿನಿಯರುಗಳು ಅದನ್ನು ತಿದ್ದಿ, ಕೊಯಮತ್ತೂರಿನ ಹಳ್ಳಿಗಳಲ್ಲಿ ಒತ್ತಿಸಿ ನೋಡಿ, ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆಯಲ್ಲಿ ತಯಾರಿಸಲು ತೊಡಗಿದಾಗ ಅದು ಇಂಡಿಯಾ ಮಾರ್ಕ್ 2 ಆಯಿತು. ಅದಕ್ಕೆ ಯಾರೂ ಪೇಟೆಂಟ್ ಹಾಕಿಸಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಬಹುದಾಗಿತ್ತು. ಹಾಗಾಗಿಯೇ ಅದು ಆಫ್ರಿಕಾ ತಲುಪಿತು.

ಪಂಪಿನ ಜೊತೆಗೆ ಭಾರತದಲ್ಲಿ ಇನ್ನೊಂದನ್ನೂ ಕಟ್ಟಿದ್ದರು. ಊರಲ್ಲಿ ಪಂಪು ನೋಡಿಕೊಳ್ಳುವವನೊಬ್ಬ, ತಾಲ್ಲೂಕಿಗೊಬ್ಬ ಮೆಕ್ಯಾನಿಕ್, ಕೊಳವೆ ಎಳೆದು ಮೇಲೆತ್ತಬೇಕಾದರೆ ಜಿಲ್ಲೆಯಿಂದ ಗಾಡಿಯಲ್ಲಿ ಬರುವ ತಂಡ. ಎಲ್ಲ ಕಡೆ ಇದು ಸರಿಯಾಗಿ ನಡೆಯಲಿಲ್ಲ ಎಂಬುದು ನಮಗೆ ಗೊತ್ತೇ ಇದೆ. ಆದರೂ ಕರೆಯಲು ಒಬ್ಬರಿದ್ದರು, ಬಿಡಿಭಾಗ ಪೇಟೆಯಲ್ಲಿ ಸಿಗುತ್ತಿತ್ತು. ಆಫ್ರಿಕಾಕ್ಕೆ ಹಡಗು ಹತ್ತಿದ್ದು ಪಂಪು ಮಾತ್ರ. ಈ ಮೆಟ್ಟಿಲುಗಳು ಹಲವೆಡೆ ಅದರ ಜೊತೆ ಹೋಗಲಿಲ್ಲ. ಸಹಾರಾದ ಕೆಳಗಿನ ಆಫ್ರಿಕಾದಲ್ಲಿ ಸುಮಾರು ಮೂರರಲ್ಲೊಂದು ಕೈಪಂಪು ಕೆಲಸ ಮಾಡುತ್ತಿಲ್ಲ ಎಂಬುದು 2009ರ ಹೊತ್ತಿಗೆ ಗ್ರಾಮೀಣ ನೀರು ಪೂರೈಕೆಯ ತಜ್ಞರು ಮಾಡಿದ ಅಂದಾಜು. ಕೆಲವೆಡೆ ನೀರಿನ ಹುಳಿಗುಣಕ್ಕೆ ಕಬ್ಬಿಣದ ಕೊಳವೆಯೇ ತುಕ್ಕು ಹಿಡಿದು ತೂತಾಯಿತು. ಇನ್ನು ಕೆಲವೆಡೆ ಕಾರಣ ತೀರಾ ಚಿಕ್ಕದು. ನೆಲದೊಳಗಿನ ಸಿಲಿಂಡರಿನಲ್ಲಿ ನೀರನ್ನು ಹಿಡಿದು ಮೇಲೆತ್ತುವುದು ಬಟ್ಟಲಿನಾಕಾರದ ಒಂದು ವಾಷರ್. ದಿನವಿಡೀ ಉಜ್ಜಿ ಉಜ್ಜಿ ಅದು ಸವೆಯುತ್ತದೆ, ಸವೆಯಲೇಬೇಕು. ಪಂಪಿನ ಬೆಲೆಯ ಎದುರು ಅದರ ಬೆಲೆ ಚಿಲ್ಲರೆ. ಆದರೆ ಆ ಚಿಲ್ಲರೆ ಯಾರ ಕಿಸೆಯಿಂದ ಬರಬೇಕು, ತರಲು ಯಾವ ಪೇಟೆಗೆ ಹೋಗಬೇಕು, ಕೊಳವೆ ಎತ್ತಲು ಯಾರನ್ನು ಕರೆಯಬೇಕು ಎಂಬುದು ನಿಗದಿಯಾಗಿರದಿದ್ದರೆ ಫಲಕದಲ್ಲಿ ದಾನಿಯ ಹೆಸರೊಂದೇ ಉಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಕನ್ನಡಿಯನ್ನು ಸ್ವಲ್ಪ ನಮ್ಮ ಕಡೆ ತಿರುಗಿಸಬೇಕು. ಉಳ್ಳಾಲದ ಸೇತುವೆಯ ಮೇಲೆ ನಿಂತು ಉತ್ತರಕ್ಕೆ ನೋಡಿದರೆ ಕಾಣುವ ದಡ ಜೆಪ್ಪುವಿನದು. 1865ರಲ್ಲಿ ಆ ಹೊಳೆಯ ದಡದಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿಮಣ್ಣು ಮಂಗಳೂರು ಹೆಂಚಾಗಿ ಊರೂರು ಸುತ್ತಿತು. ಹಡಗು ಹತ್ತಿ ಆಫ್ರಿಕಾದ ಮನೆಗಳ ಮಾಡನ್ನೂ ಸೇರಿತು. ಆ ಕಾರ್ಖಾನೆಯ ಹಿಂದಿದ್ದ ಮಿಷನ್ನಿಗೆ ನಾವೂ ಆಫ್ರಿಕಾವೂ ಒಂದೇ ಪಟ್ಟಿಯಲ್ಲಿದ್ದೆವು ಎಂಬುದನ್ನು ಮರೆತಿದ್ದೇವೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಮಿಷನ್ 1828ರಲ್ಲಿ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾಕ್ಕೆ, ತನ್ನ ಜನರನ್ನು ಕಳಿಸಿತು. ಆರು ವರ್ಷಗಳ ನಂತರ, 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅಲ್ಲಿ ಅಕ್ರೊಪಾಂಗಿನಲ್ಲಿ ಶಾಲೆ, ಇಲ್ಲಿ ಬಲ್ಮಠದಲ್ಲಿ ಶಾಲೆ. ಅಲ್ಲಿ ಬಡಗಿ ಕೆಲಸದ ಕಾರ್ಯಾಗಾರ, ಕೋಕೋ ಗಿಡದ ಪ್ರಯೋಗ. ಇಲ್ಲಿ ಮಗ್ಗ, ಮುದ್ರಣಾಲಯ, ಹೆಂಚು. ಎರಡಕ್ಕೂ ದುಡ್ಡು ಬರುತ್ತಿದ್ದುದು ಒಂದೇ ಡಬ್ಬಿಯಿಂದ. 1855ರಿಂದ ಬಾಸೆಲ್ ಕಡೆಯ ಸಾಮಾನ್ಯ ಜನ ವಾರಕ್ಕೆ ಅರ್ಧ ಬಾಟ್ಸೆನ್ ಕೊಡುವ ಚಂದಾ ಯೋಜನೆಯೊಂದು ನಡೆಯಿತು. ಬಾಟ್ಸೆನ್ ಸಣ್ಣ ನಾಣ್ಯ. ಅದರರ್ಧವೆಂದರೆ ಮನೆಗೆಲಸದ ಹುಡುಗಿಯೂ ಕೊಡಬಹುದಾದ ಮೊತ್ತ. ಹಾಗೆ ಕೂಡಿದ ಪುಡಿಗಾಸು ಮಂಗಳೂರಿನಲ್ಲಿ ಅಕ್ಷರವಾಯಿತು. ಈ ಚಂದಾಕ್ಕೂ ಮೊದಲೇ, 1843ರಲ್ಲಿ, ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದ್ದು, ಆಮೇಲೆ 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾದದ್ದು ಇದೇ ಮಿಷನ್ನಿನ ನೆರಳಿನಲ್ಲಿ. ಕನ್ನಡ ಪತ್ರಿಕೆಯಲ್ಲಿ ಅಂಕಣ ಬರೆಯುವ ನನ್ನಂಥವರು ಆ ಅರ್ಧ ಬಾಟ್ಸೆನ್ನಿಗೆ ಸ್ವಲ್ಪ ಋಣಿಗಳೇ.

ಋಣ ಒಪ್ಪಿಕೊಂಡ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಆ ಕಾಲದ ಜರ್ಮನಿ, ಸ್ವಿಟ್ಜರ್ಲೆಂಡುಗಳ ಮಕ್ಕಳ ಭಾನುವಾರದ ಶಾಲೆಗಳಲ್ಲಿ ಕಾಣಿಕೆ ಡಬ್ಬಿಯ ಮೇಲೆ ಮಂಡಿಯೂರಿದ ಕಪ್ಪು ಮಗುವಿನ ಗೊಂಬೆ ಇರುತ್ತಿತ್ತು. ನಾಣ್ಯ ಹಾಕಿದರೆ ಗೊಂಬೆ ತಲೆದೂಗಿ ವಂದಿಸುತ್ತಿತ್ತು. ಕೊಟ್ಟವರಿಗೆ ಖುಷಿ. ತಲೆದೂಗುವ ಗೊಂಬೆ ಈಗ ವಸ್ತುಸಂಗ್ರಹಾಲಯ ಸೇರಿದೆ, ಆದರೆ ನಮ್ಮ ಮೊಬೈಲಿನಲ್ಲಿ ಚಪ್ಪಾಳೆ ತಟ್ಟುವ ಮಕ್ಕಳನ್ನು ನೋಡುವಾಗ ಅದು ನನಗೆ ನೆನಪಾಗುತ್ತದೆ. ಮಿಷನ್ನಿನ ಗುರಿ ಮತಪ್ರಚಾರವಾಗಿತ್ತು, ಅದನ್ನವರು ಮುಚ್ಚಿಡಲಿಲ್ಲ. ಮತ ಬದಲಿಸಿ ಮನೆ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ಅನ್ನದ ದಾರಿಯಾಗಲಿ ಎಂಬುದೂ ಮಗ್ಗ, ಹೆಂಚುಗಳ ಹಿಂದಿನ ಒಂದು ಕಾರಣ. ಧರ್ಮದ ಹೆಸರಿನ ದಾನಕ್ಕೆ ಈ ಎರಡು ಮುಖ ಯಾವಾಗಲೂ ಇದೆ. ಹಸಿದವನ ಮುಂದೆ ತಟ್ಟೆ ಇಡುವ ಕೈ, ಅವನ ಹೆಸರು ಕೇಳುವ ಬಾಯಿ ಒಂದೇ ಮೈಯದು. ಯಾವ ಧರ್ಮವನ್ನೂ ಇದರಿಂದ ಹೊರಗಿಡಲಾಗದು.

ಆ ದಾನದ ನಿಜವಾದ ಪರೀಕ್ಷೆ 1914ರಲ್ಲಿ ಬಂತು. ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರಕ್ಕೆ ಮಿಷನ್ನಿನ ಜರ್ಮನ್ನರು ಶತ್ರು ದೇಶದವರಾದರು. ಭಾರತದಲ್ಲಿ ಅವರನ್ನು ಬಂಧನ ಶಿಬಿರಕ್ಕೆ ಕಳಿಸಿದರು, ಕಾರ್ಖಾನೆಗಳು ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಗೋಲ್ಡ್ ಕೋಸ್ಟಿನಿಂದಲೂ ಅವರನ್ನು ಹೊರಹಾಕಿದರು. ಡಬ್ಬಿಯ ದುಡ್ಡು ನಿಂತಿತು, ಬಿಳಿಯ ಮೇಷ್ಟರು ಹೋದರು. ಆದರೂ ಎರಡೂ ಕಡೆ ಶಾಲೆಯ ಗಂಟೆ ನಿಲ್ಲಲಿಲ್ಲ. ಹಾಜರಿ ಕರೆಯಬಲ್ಲ ಊರಿನವರೇ ಆದ ಉಪಾಧ್ಯಾಯರು ಅಷ್ಟು ಹೊತ್ತಿಗೆ ತಯಾರಾಗಿದ್ದರು. ಕೊಟ್ಟವರು ಎದ್ದು ಹೋದ ಮರುದಿನ ಶಾಲೆ ನಡೆಯುತ್ತದೆಯೋ ಇಲ್ಲವೋ ಎಂಬುದಕ್ಕಿಂತ ಖಚಿತವಾದ ಅಳತೆ ದಾನಕ್ಕೆ ಇಲ್ಲ.

ಈ ಅಳತೆಗೆ ನಿಲ್ಲುವ ಇನ್ನೊಂದು ಶಾಲೆ ಉಳ್ಳಾಲ ತಾಲ್ಲೂಕಿನಲ್ಲೇ ಇದೆ. ನೇತ್ರಾವತಿಯ ದಡಕ್ಕೇ ಸ್ವಲ್ಪ ಮೇಲಕ್ಕೆ ಹೋದರೆ ಹರೇಕಳ. ಅಲ್ಲಿನ ಹಾಜಬ್ಬ ಮಂಗಳೂರಿನ ಪೇಟೆಯಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಇಟ್ಟುಕೊಂಡು ಮಾರುತ್ತಿದ್ದವರು. ವಿದೇಶಿಯರಿಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ತುಳು, ಬ್ಯಾರಿ ಬಿಟ್ಟು ಬೇರೆ ಭಾಷೆ ಅರಿಯದ ಅವರಿಗೆ ಉತ್ತರ ಹೊಳೆಯಲಿಲ್ಲ. ಬಂದವರು ಹೋದರು, ನಾಚಿಕೆ ಉಳಿಯಿತು. ತನ್ನೂರಿನ ಮಕ್ಕಳಿಗೆ ಹೀಗಾಗಬಾರದೆಂದು ಅವರು ನ್ಯೂಪಡ್ಪುವಿಗೆ ಶಾಲೆ ಬೇಕೆಂದು ಕಚೇರಿಗಳ ಮೆಟ್ಟಿಲು ಹತ್ತಿದರು. ಶತಮಾನ ತಿರುಗುವ ಹೊತ್ತಿಗೆ, 28 ಮಕ್ಕಳೊಂದಿಗೆ, ಶಾಲೆ ಮೊದಲು ಶುರುವಾದದ್ದು ಮಸೀದಿಯ ಮದರಸದಲ್ಲಿ. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದೊಳಗೆ ಬರಿಗಾಲಲ್ಲಿ ನಡೆದು ಹೋಗಿ ಅದನ್ನು ಪಡೆದರು. 'ಅಕ್ಷರ ಸಂತ' ಎಂದು ಜನ ಕರೆಯತೊಡಗಿದರು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ತ್ಯಾಗದ ಕಥೆಯಾಗಿ ಹೇಳುತ್ತೇವೆ. ಕಿತ್ತಳೆ ಮಾರಿದ ದುಡ್ಡಲ್ಲಿ ಶಾಲೆ ಕಟ್ಟಿದರು ಎಂದು ಕಣ್ಣೊರೆಸಿಕೊಳ್ಳುತ್ತೇವೆ. ಅದು ಅರ್ಧ ಕಥೆ. ಬುಟ್ಟಿ ಕಿತ್ತಳೆಯ ಲಾಭದಲ್ಲಿ ಮೇಷ್ಟರ ಸಂಬಳ ಹುಟ್ಟುವುದಿಲ್ಲ ಎಂಬುದು ಕಿತ್ತಳೆ ಮಾರುವವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಹಾಜಬ್ಬರ ಜಾಣತನವಿದ್ದದ್ದು ಶಾಲೆಯನ್ನು ತನ್ನ ಹೆಸರಿನ ಸಂಸ್ಥೆಯಾಗಿಸದೆ ಸರ್ಕಾರದ ಶಾಲೆಯಾಗಿಸಿದ್ದರಲ್ಲಿ. ಮದರಸ ಜಾಗ ಕೊಟ್ಟಿತು, ಊರು ಮಕ್ಕಳನ್ನು ಕಳಿಸಿತು, ದಾನಿಗಳು ಕೈಜೋಡಿಸಿದರು. ಉಪಾಧ್ಯಾಯರು, ಬಿಸಿಯೂಟ, ಪುಸ್ತಕದ ಹೊಣೆ ಸರ್ಕಾರದ ಲೆಕ್ಕಕ್ಕೆ ಹೋಯಿತು. ಮತ್ತೆ ಅವರು ಸುಮ್ಮನೆ ಮನೆಯಲ್ಲಿ ಕೂರಲಿಲ್ಲ. ಪ್ರಶಸ್ತಿಯ ದುಡ್ಡು ಬಂದಾಗಲೆಲ್ಲ ಅದು ಶಾಲೆಯ ದಾರಿ ಹಿಡಿಯಿತು. ಪ್ರಾಥಮಿಕ ಶಾಲೆಯ ಮೇಲೆ ಪ್ರೌಢಶಾಲೆ ಬಂತು, ಅದರ ಮೇಲೆ ಪದವಿಪೂರ್ವ ಕಾಲೇಜಿಗಾಗಿ ಓಡಾಟ ಶುರುವಾಯಿತು. ಧರ್ಮದ ಚಾವಡಿಯಲ್ಲಿ ಹುಟ್ಟಿ, ಎಲ್ಲರ ಮಕ್ಕಳದಾಗಿ ಬೆಳೆದು, ಸರ್ಕಾರದ ಸಂಬಳದ ಪಟ್ಟಿಯಲ್ಲಿ ಬೇರೂರಿದ ಶಾಲೆ ಅದು. ಅದಕ್ಕೊಬ್ಬ ಕಾವಲುಗಾರರೂ ಇದ್ದಾರೆ. ಸೊಲ್ಲಾಪುರದವರಿಗೆ ಪಂಪಿನ ದೂರು ಬಾಗಿಲಿಗೆ ಬರುತ್ತಿದ್ದಂತೆ, ಹರೇಕಳದ ಶಾಲೆಯ ದೂರು ಅವರ ಬಾಗಿಲಿಗೆ ಬರುತ್ತದೆ.

ಇದೆಲ್ಲ ಹೊಸ ಬುದ್ಧಿಯಲ್ಲ. ನಮ್ಮ ಹಳೆಯ ಶಾಸನಗಳನ್ನು ಓದಿದವರಿಗೆ ಗೊತ್ತು: ಕೆರೆ ಕಟ್ಟಿಸಿದವನು ಕಲ್ಲಿನಲ್ಲಿ ಹೆಸರು ಕೊರೆಸಿ ಸುಮ್ಮನಾಗುತ್ತಿರಲಿಲ್ಲ. ಕೆರೆಯನ್ನು ಕಟ್ಟಿ ನೋಡಿಕೊಳ್ಳುವವರಿಗೆಂದು ಅದೇ ಕೆರೆಯ ಕೆಳಗೆ ಬಿತ್ತುವಟ್ಟವೆಂಬ ಭೂಮಿ ಬಿಡುತ್ತಿದ್ದ. ಹೂಳೆತ್ತುವ ಬಂಡಿಗೆ, ಬಂಡಿಯ ಕೋಣಕ್ಕೆ, ಕೋಣ ಹೊಡೆಯುವವನಿಗೆ ಬೇರೆ ಬೇರೆ ಲೆಕ್ಕ ಬರೆಸಿದ್ದುಂಟು. ಗುಡಿ ಬಸದಿಗಳಿಗೆ ಕೊಟ್ಟ ದತ್ತಿಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಕಾಣುತ್ತದೆ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು, ಇವನ್ನು ಸರಿಪಡಿಸಲು ತೆಗೆದಿಟ್ಟ ಪಾಲು ಎಂದರ್ಥ. ಕಟ್ಟುವ ದಿನವೇ ಅದು ಒಡೆಯುವ ದಿನವನ್ನೂ ಯೋಚಿಸುವ ವಿವೇಕ ಇದು. ಕೊಡುವುದು, ಕೊಟ್ಟದ್ದನ್ನು ಕಾಯುವುದು ಈ ಎರಡರಲ್ಲಿ ಕಾಯುವುದೇ ಮೇಲು ಎಂಬ ಆಶಯವನ್ನು ಎಷ್ಟೋ ಶಾಸನಗಳು ಕೊನೆಯಲ್ಲಿ ಹೇಳಿಯೇ ಮುಗಿಯುತ್ತವೆ. ಇಸ್ಲಾಮಿನ ವಕ್ಫ್ ಕೂಡ ಹೀಗೇ. ಬಾವಿಯನ್ನೋ ತೋಟವನ್ನೋ ಬಿಟ್ಟುಕೊಟ್ಟರೆ ಅದನ್ನು ನೋಡಿಕೊಳ್ಳುವ ಮುತವಲ್ಲಿ ಒಬ್ಬ ಬೇಕು. ತೀರಿಕೊಂಡವರ ಹೆಸರಲ್ಲಿ ಪಂಪು ಹಾಕಿಸುವವರು ಬಯಸುವ 'ಸದಖಾ ಜಾರಿಯಾ' ಎಂಬುದರ ಅರ್ಥವೇ ಹರಿಯುತ್ತಲೇ ಇರುವ ದಾನ. ಹರಿಯುವುದು ನಿಂತ ಪಂಪಿಗೆ ಆ ಹೆಸರು ಒಪ್ಪೀತೆ?

ನಮ್ಮ ಕಣ್ಣೆದುರಿನ ಉದಾಹರಣೆ ಬೇಕೆಂದರೆ ಹರೇಕಳದಲ್ಲೇ ಇದೆ. ಅಲ್ಲಿಂದ ಆಚೆ ದಡದ ಅಡ್ಯಾರಿಗೆ ಈಗ ಸೇತುವೆ ಸಹಿತ ಕಿಂಡಿ ಅಣೆಕಟ್ಟು ಇದೆ. ಬೇಸಿಗೆಯಲ್ಲಿ ಸಮುದ್ರದ ಉಬ್ಬರ ಹೊಳೆಯೊಳಗೆ ನುಗ್ಗಿ ಬಾವಿಗಳನ್ನು ಸವಳಾಗಿಸದಂತೆ ತಡೆಯುವುದು ಅದರ ಕೆಲಸ. ಆದರೆ ಕಿಂಡಿ ಅಣೆಕಟ್ಟು ಕಟ್ಟಿದ ಮಾತ್ರಕ್ಕೆ ಉಪ್ಪುನೀರು ನಿಲ್ಲುವುದಿಲ್ಲ. ಮಳೆ ಕಳೆದ ಮೇಲೆ ಹೊತ್ತಿಗೆ ಸರಿಯಾಗಿ ಬಾಗಿಲು ಇಳಿಸಬೇಕು, ಮಳೆಗೆ ಮೊದಲು ಎತ್ತಬೇಕು, ಸಿಕ್ಕಿದ ಕಸ ತೆಗೆಯಬೇಕು. ಒಂದು ವರ್ಷ ಮರೆತರೂ ಕೋಟಿಗಟ್ಟಲೆ ರೂಪಾಯಿಯ ಕಾಂಕ್ರೀಟು ಬರೀ ಸೇತುವೆಯಾಗುತ್ತದೆ. ಕರಾವಳಿಯ ಸಣ್ಣ ತೋಡುಗಳಲ್ಲಿ ಹಲಗೆ ಹಾಕುವವರಿಲ್ಲದೆ ಬಾಯ್ದೆರೆದು ನಿಂತ ಕಿಂಡಿಗಳನ್ನು ನೋಡಲು ದೂರ ಹೋಗಬೇಕಾಗಿಲ್ಲ.

ಹಾಗಾದರೆ ವಿಡಿಯೊ ಬಂದಾಗ ಏನು ಮಾಡುವುದು? ಕೊಡಬಾರದೆಂದು ನಾನು ಹೇಳುವುದಿಲ್ಲ. ಬೇರೆಯವರ ಅರ್ಧ ಬಾಟ್ಸೆನ್ನಿನಿಂದ ಅಕ್ಷರ ಕಲಿತ ಊರು ತನ್ನ ಡಬ್ಬಿಯನ್ನು ಮುಚ್ಚಿಟ್ಟುಕೊಳ್ಳಬಾರದು. ಕೇಳುವುದನ್ನು ಮಾತ್ರ ಬಿಡಬಾರದು. ಹೆಣ್ಣು ಕೊಡುವಾಗ ಮನೆತನ ವಿಚಾರಿಸುವವರು, ಸೈಟು ಕೊಳ್ಳುವಾಗ ಪಹಣಿ ನೋಡುವವರು, ಪುಣ್ಯದ ಕೆಲಸವೆಂದ ಕೂಡಲೇ ಪ್ರಶ್ನೆ ಕೇಳಲು ಸಂಕೋಚಪಡುತ್ತೇವೆ. ಸಂಕೋಚ ಬೇಡ. ಹಳೆಯ ಪಂಪುಗಳ ಚಿತ್ರ ಕೇಳಿ. ಉದ್ಘಾಟನೆಯದಲ್ಲ, ಮೂರು ವರ್ಷದ ನಂತರದ್ದು. ಊರಿನಲ್ಲಿ ಪಂಪು ಬಿಚ್ಚಿ ಜೋಡಿಸಲು ಕಲಿತವರು ಯಾರು, ಅವರಿಗೆ ಕೂಲಿ ಕೊಡುವವರು ಯಾರು ಎಂದು ಕೇಳಿ. ಶಾಲೆಯಾದರೆ ಗೋಡೆಯ ಬೆಲೆ ಕೇಳುವ ಮೊದಲು ಮೇಷ್ಟರ ಸಂಬಳ ಎಲ್ಲಿಂದ ಎಂದು ಕೇಳಿ. ಆ ದೇಶದ ಸರ್ಕಾರ ಆ ಶಾಲೆಯನ್ನು ತನ್ನದೆಂದು ಒಪ್ಪಿದೆಯೇ ಎಂದು ಕೇಳಿ. ಆ ಊರಿನವರು ನಮಾಜು ಮಾಡದಿದ್ದರೂ, ಇಗರ್ಜಿಗೆ ಬಾರದಿದ್ದರೂ, ಭಜನೆ ಹಾಡದಿದ್ದರೂ ನೀರು ಸಿಗುತ್ತದೆಯೇ ಎಂಬುದನ್ನೂ ಕೇಳಿ. ಸರಿಯಾದ ಕೆಲಸ ಮಾಡುವವರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಅವರು ಇದನ್ನೇ ಯಾರೂ ಕೇಳುತ್ತಿಲ್ಲವಲ್ಲ ಎಂದು ಕಾದಿರುತ್ತಾರೆ, ಏಕೆಂದರೆ ಪಂಪಿಗೆ ದುಡ್ಡು ಕೊಡುವವರು ಬೇಕಾದಷ್ಟು ಸಿಗುತ್ತಾರೆ, ವಾಷರಿಗೆ ಕೊಡುವವರು ಸಿಗುವುದಿಲ್ಲ. ವಾಷರಿನ ಮೇಲೆ ಹೆಸರು ಬರೆಸಲು ಜಾಗವಿಲ್ಲ.

ಈ ಸಲ ವಿಡಿಯೊ ಬಂದಾಗ ಕೊನೆಯ ಸಾಲಿನವರೆಗೂ ಓದುತ್ತೇನೆ. ಒಂದು ಪಂಪಿಗೆ ಇಷ್ಟು ಎಂದು ಬರೆದಿರುತ್ತದೆ. ಅಷ್ಟು ಕೊಡಲು ಆಗಲಿ ಬಿಡಲಿ, ಒಂದು ಸಾಲು ಉತ್ತರ ಬರೆಯುವುದೆಂದು ನಿಶ್ಚಯಿಸಿದ್ದೇನೆ: ಕಳೆದ ವರ್ಷ ಹಾಕಿದ ಪಂಪಿಗೆ ಈ ವರ್ಷ ವಾಷರ್ ಬೇಕಾಗಿದ್ದರೆ ತಿಳಿಸಿ, ಅದು ನನ್ನದು.